ಎಕ್ಸ್-ರೇಗೆ ಕಾಣದ ನೋವು

ಹೋದ ವರ್ಷ ನನ್ನ ಕತ್ತಿನ ನರವೊಂದನ್ನು ಸುಟ್ಟರು. ಹೀಗೆಂದ ಕೂಡಲೇ ನಮ್ಮ ಅತ್ತಿಗೆ, "ಅಯ್ಯೋ, ಈ ಕಾಲದಲ್ಲೂ ಬರೆ ಹಾಕಿಸಿಕೊಂಡ್ಯೇನೆ?" ಎಂದು ಕೆನ್ನೆಗೆ ಕೈಯಿಟ್ಟರು. ಅವರು ಹೇಳಿದ್ದು ಪೂರ್ತಿ ತಪ್ಪಲ್ಲ. ಇದೂ ಒಂದು ಬರೆಯೇ. ಆದರೆ ಚರ್ಮದ ಮೇಲಲ್ಲ, ಒಳಗೆ. ಬೆನ್ನೆಲುಬಿನ ಪುಟ್ಟ ಕೀಲುಗಳಿಂದ ನೋವಿನ ಸುದ್ದಿಯನ್ನು ಒಯ್ಯುವ, ನೂಲಿನಂಥ ನರಕ್ಕೆ ಹಾಕುವ ಬರೆ. ವೈದ್ಯರು ಇದನ್ನು ರೇಡಿಯೋಫ್ರೀಕ್ವೆನ್ಸಿ ಚಿಕಿತ್ಸೆ ಎನ್ನುತ್ತಾರೆ.

28 ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟವಳು ನಾನು. ಯಾರಾದರೂ "ಹೀಗೆ ಮಾಡುತ್ತಾರೆ" ಎಂದರೆ "ಯಾವಾಗಿನಿಂದ?" ಎಂದು ಕೇಳುವ ಚಾಳಿ ಬಿಟ್ಟಿಲ್ಲ. ಇದರ ಚರಿತ್ರೆಯನ್ನೂ ಹುಡುಕಿ ಓದಿದೆ. ಓದುತ್ತ ಹೋದಂತೆ ನನ್ನ ಕತ್ತಿಗಿಂತ ಅಮ್ಮನ ಕತ್ತೇ ಹೆಚ್ಚು ನೆನಪಾಯಿತು.

1986ರಲ್ಲಿ ಅಮ್ಮ ಸಾಗರದಿಂದ ಶಿವಮೊಗ್ಗಕ್ಕೆ ಹೊರಟಿದ್ದ ಬಸ್ಸು, ಎಮ್ಮೆ ಅಡ್ಡ ಬಂತೆಂದು ಆನಂದಪುರದ ಹತ್ತಿರ ಗಕ್ಕನೆ ನಿಂತಿತು. ಅವಳ ತಲೆ ಮುಂದಕ್ಕೆ ಬಾಗಿ ರಪ್ಪನೆ ಹಿಂದಕ್ಕೆ ಬಂತು. ರಕ್ತ ಬರಲಿಲ್ಲ, ಮೂಳೆ ಮುರಿಯಲಿಲ್ಲ. ಆದರೆ ಅಂದಿನಿಂದ ತೀರಿಕೊಳ್ಳುವವರೆಗೆ, 23 ವರ್ಷ, ಅವಳಿಗೆ ಕತ್ತೆತ್ತಿ ತಂತಿಯ ಮೇಲೆ ಬಟ್ಟೆ ಹರವಲು ಆಗಲಿಲ್ಲ. ಎಕ್ಸ್-ರೇಯಲ್ಲಿ ಏನೂ ಸಿಗಲಿಲ್ಲ. "ಮನಸ್ಸಿಗೆ ಸ್ವಲ್ಪ ಸಮಾಧಾನ ತಂದುಕೊಳ್ಳಿ" ಎಂದರು ಒಬ್ಬ ವೈದ್ಯರು. ಮನೆಯವರಿಗೂ ಅದೇ ಅನುಕೂಲದ ಮಾತಾಯಿತು. ಒಮ್ಮೆ ನಾನೂ ರೇಗಿದೆ: "ಎಕ್ಸ್-ರೇಯಲ್ಲಿ ಏನೂ ಇಲ್ಲ ಅಂದರಲ್ಲಮ್ಮ!" ಅಮ್ಮ ಮಡಿಸಿದ ಟವೆಲನ್ನು ಕತ್ತಿನ ಕೆಳಗೆ ಸರಿಮಾಡಿಕೊಳ್ಳುತ್ತ, "ನೋಯೋದು ಎಕ್ಸ್-ರೇಗಲ್ಲ ಕಣೆ, ನನಗೆ" ಎಂದಳು.

ಈ ಚಿಕಿತ್ಸೆಯ ಕಥೆ ಕತ್ತಿನಿಂದಲ್ಲ, ಮುಖದಿಂದ ಶುರುವಾಗುತ್ತದೆ. ಮುಖದ ನರಕ್ಕೆ ಸಿಡಿಲು ಹೊಡೆದಂತೆ ಬರುವ ನೋವೊಂದಿದೆ. ಅದರಿಂದ ನರಳುವವರಿಗೆ 1930ರ ದಶಕದ ಆರಂಭದಲ್ಲಿ ಜರ್ಮನಿಯ ಶಸ್ತ್ರವೈದ್ಯ ಮಾರ್ಟಿನ್ ಕಿರ್ಷ್ನರ್, ಸೂಜಿಯ ಮೂಲಕ ವಿದ್ಯುತ್ ಹರಿಸಿ ಆ ನರದ ಗಂಟನ್ನು ಸುಟ್ಟರು. ಸುಡುವುದೇನೋ ಆಯಿತು, ಎಷ್ಟು ಸುಟ್ಟಿತು ಎಂದು ಅಳೆಯುವುದು ಕಷ್ಟವಾಗಿತ್ತು. 1950ರ ದಶಕದಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ವಿಲಿಯಂ ಸ್ವೀಟ್ ಮತ್ತು ಜೊತೆಯವರು, ರೇಡಿಯೋ ತರಂಗದ ವೇಗದಲ್ಲಿ ಹೊಯ್ದಾಡುವ ವಿದ್ಯುತ್ತಿನಿಂದ ಸುಟ್ಟರೆ ಗಾಯ ಒಂದೇ ಅಳತೆಯಲ್ಲಿ ಆಗುತ್ತದೆ ಎಂದು ಕಂಡುಕೊಂಡರು. ಇಂದಿನ ಯಂತ್ರದಲ್ಲಿ ವಿದ್ಯುತ್ತು ಸೆಕೆಂಡಿಗೆ ಸುಮಾರು 5 ಲಕ್ಷ ಸಲ ಹಿಂದೆ ಮುಂದೆ ಆಗುತ್ತದೆ. ಸೂಜಿ ತಾನಾಗಿ ಕಾಯುವುದಿಲ್ಲ. ಅದರ ತುದಿಯ ಸುತ್ತಲಿನ ಮಾಂಸವೇ ಒಳಗಿನ ಘರ್ಷಣೆಯಿಂದ ಕಾಯುತ್ತದೆ. ತುದಿಯಲ್ಲಿ ಶಾಖ ಅಳೆಯುವ ವ್ಯವಸ್ಥೆಯೂ ಬಂದ ಮೇಲೆ ಬರೆ ವೈದ್ಯರ ಹತೋಟಿಗೆ ಬಂತು.

ಮುಂದಿನ ಸರದಿ ಬೆನ್ನಿನದು. 1971ರಲ್ಲಿ ಆಸ್ಟ್ರೇಲಿಯಾದ ರೀಸ್ ಎಂಬ ವೈದ್ಯರು, ಬೆನ್ನಿನ ಕೀಲುಗಳ ನರವನ್ನು ಚಾಕುವಿನಿಂದ ಕತ್ತರಿಸುತ್ತೇನೆ, ಹೆಚ್ಚುಕಡಿಮೆ ಎಲ್ಲರಿಗೂ ವಾಸಿಯಾಗಿದೆ ಎಂದು ಬರೆದರು. ಅಮೆರಿಕದ ನಾರ್ಮನ್ ಶೀಲಿ ಚಾಕು ಬಿಟ್ಟು ರೇಡಿಯೋಫ್ರೀಕ್ವೆನ್ಸಿ ಸೂಜಿ ಹಿಡಿದರು. ಆಮೇಲೆ ಅಳೆದು ನೋಡಿದರೆ ರೀಸರ ಚಾಕು ನರದವರೆಗೆ ಮುಟ್ಟುತ್ತಲೇ ಇರಲಿಲ್ಲ! 1979ರಲ್ಲಿ ಆಸ್ಟ್ರೇಲಿಯಾದವರೇ ಆದ ನಿಕೊಲಾಯ್ ಬೊಗ್ಡುಕ್, ಡಾನ್ ಲಾಂಗ್ ಅವರೊಡನೆ, ಶವಗಳನ್ನು ಬಿಡಿಸಿ ನೋಡಿ, ಶೀಲಿ ಗುರಿಯಿಟ್ಟ ಜಾಗದಲ್ಲಿ ಆ ನರವೇ ಇಲ್ಲ ಎಂದು ತೋರಿಸಿದರು. ಎಲ್ಲಿದೆ ಎಂಬುದನ್ನೂ ಹೇಳಿದರು. ಬರೆ ಸೂಜಿಯ ಮುಂದಕ್ಕಲ್ಲ, ಪಕ್ಕಕ್ಕೆ ಹರಡುತ್ತದೆ, ಆದ್ದರಿಂದ ಸೂಜಿಯನ್ನು ನರದ ಉದ್ದಕ್ಕೆ ಮಲಗಿಸಬೇಕು ಎಂಬುದು 1987ರ ಹೊತ್ತಿಗೆ ಗೊತ್ತಾಯಿತು.

ಇಲ್ಲದ ನರ ಸುಟ್ಟಾಗಲೂ ಗುಣವಾಯಿತು ಎಂದವರಿದ್ದರಲ್ಲ, ಹಾಗಾದರೆ ಇದೆಲ್ಲ ಬರೀ ನಂಬಿಕೆಯ ಆಟವೇ? ಈ ಪ್ರಶ್ನೆಗೆ ಉತ್ತರ 1996ರಲ್ಲಿ ಬಂತು. ಬೊಗ್ಡುಕ್ ತಂಡದ ಸೂಸನ್ ಲಾರ್ಡ್ ಮತ್ತಿತರರು ವಾಹನ ಅಪಘಾತದ ನಂತರ ಕತ್ತು ನೋಯುತ್ತಿದ್ದ 24 ಜನರನ್ನು ಆರಿಸಿದರು. ಪರಿಹಾರದ ಹಣಕ್ಕಾಗಿ ನಾಟಕವೆಂದೋ ಮನಸ್ಸಿನ ಕಾಯಿಲೆಯೆಂದೋ ಜಗತ್ತು ಅನುಮಾನಿಸುತ್ತಿದ್ದುದು ಇಂಥವರನ್ನೇ. 12 ಜನರ ನರಕ್ಕೆ 80 ಡಿಗ್ರಿ ಶಾಖ ಕೊಟ್ಟರು. ಉಳಿದ 12 ಜನರಿಗೆ ಸೂಜಿ ಹಾಕಿದರೂ ಶಾಖ 37 ಡಿಗ್ರಿಯಲ್ಲೇ ಉಳಿಯಿತು. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ಹಳೆಯ ನೋವಿನ ಅರ್ಧದಷ್ಟು ಮರಳುವುದಕ್ಕೆ ಬರಿ ಸೂಜಿಯ ಗುಂಪಿನಲ್ಲಿ ಹಿಡಿದ ನಡು ಲೆಕ್ಕದ ಕಾಲ 8 ದಿನ. ನಿಜವಾಗಿ ಸುಟ್ಟ ಗುಂಪಿನಲ್ಲಿ 263 ದಿನ.

ಮರುವರ್ಷ ಅದೇ ತಂಡ ಇನ್ನೊಂದು ಸಂಗತಿ ಬರೆಯಿತು. ಇಂಥ ರೋಗಿಗಳ ಮನಸ್ಸಿನ ಬೇಗೆಯನ್ನೂ ಅವರು ಪರೀಕ್ಷಿಸಿದ್ದರು. ಮನಸ್ಸಿಗೆ ಯಾವ ಮದ್ದನ್ನೂ ಕೊಡದೆ, ಕತ್ತಿನ ನೋವು ಪೂರ್ತಿ ಹೋದವರಲ್ಲಿ ಆ ಬೇಗೆಯೂ ಹೋಯಿತು. ನೋವು ಉಳಿದವರಲ್ಲಿ ಅದೂ ಉಳಿಯಿತು. ಈ ಸಾಲು ಓದಿ ಪುಸ್ತಕ ಮುಚ್ಚಿಟ್ಟೆ. ಮನಸ್ಸು ಕೆಟ್ಟು ಅಮ್ಮನ ಕತ್ತು ನೋಯುತ್ತಿತ್ತೋ, ಕತ್ತು ನೋಯ್ದು ನೋಯ್ದು ಅವಳ ಮನಸ್ಸು ಬಾಡಿತ್ತೋ? ಆ ಪ್ರಶ್ನೆಯನ್ನು ನಾವು ಕೇಳಿಕೊಂಡೇ ಇರಲಿಲ್ಲ.

ಇದು ಎಲ್ಲರ ನೋವಿಗೂ ಮದ್ದಲ್ಲ. 2017ರಲ್ಲಿ ಹಾಲೆಂಡಿನವರು ಸೊಂಟನೋವಿನ 681 ಜನರನ್ನು ಪರೀಕ್ಷಿಸಿ, ವ್ಯಾಯಾಮದ ಜೊತೆಗೆ ನರ ಸುಟ್ಟರೂ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಕಾಣಲಿಲ್ಲ ಎಂದರು. ರೋಗಿಗಳನ್ನು ಆರಿಸಿದ ಕ್ರಮ, ಸುಟ್ಟ ವಿಧಾನ ಸರಿಯಿರಲಿಲ್ಲ ಎಂದು ಬೇರೆಯವರು ವಾದಿಸಿದರು. ಅದಕ್ಕೇ ಮೊದಲು ಪರೀಕ್ಷೆಯ ಚುಚ್ಚುಮದ್ದು ಕೊಡುವುದು. ಆ ನರವನ್ನು ಕೆಲವು ಗಂಟೆ ಮರಗಟ್ಟಿಸಿದಾಗ ನೋವು ಹೋದರೆ ಮಾತ್ರ ಸುಡುವ ಮಾತು. ಸುಟ್ಟ ನರ ಮತ್ತೆ ಚಿಗುರುತ್ತದೆ ಕೂಡ. ನನಗೆ ಮೊದಲ ಎರಡು ವಾರ ಉರಿ, ಆಮೇಲೆ ಹತ್ತು ತಿಂಗಳು ಸುಖ. ಈಗ ಮೆಲ್ಲಗೆ ಹಳೆಯ ನೆಂಟ ಬಾಗಿಲು ತಟ್ಟುತ್ತಿದ್ದಾನೆ.

ನನ್ನ ಪರೀಕ್ಷೆಯ ದಿನ ಚುಚ್ಚುಮದ್ದಾಗಿ ಅರ್ಧ ಗಂಟೆಯ ಮೇಲೆ ವೈದ್ಯರು ಬಂದು, "ಮೇಡಂ, ನೂರರಲ್ಲಿ ಎಷ್ಟು ಕಡಿಮೆಯಾಗಿದೆ?" ಎಂದು ಕೇಳಿದರು. ಛಾವಣಿಯ ಫ್ಯಾನನ್ನು ಕತ್ತೆತ್ತಿ ನೋಡಿದೆ. "ತೊಂಬತ್ತು" ಎಂದೆ. ಅವರು ಎಕ್ಸ್-ರೇ ತರಿಸಲಿಲ್ಲ, ಇನ್ನೊಬ್ಬರನ್ನು ಕೇಳಲಿಲ್ಲ. ನಾನು ಹೇಳಿದ ಅಂಕಿಯನ್ನು ಹಾಗೇ ಬರೆದುಕೊಂಡರು. ನನ್ನ ಕಣ್ಣು ತುಂಬಿತು. ನೋವು ಹೋದ ಖುಷಿಗೆ ಎಂದು ನರ್ಸಮ್ಮ ತಿಳಿದಳು. ನಾನೂ ಹೌದೆಂದೆ.