ಬಿಪಿ ಮಾತ್ರೆಯ ಕತೆ: ಬೇರಿನಿಂದ ಸ್ಟ್ರಿಪ್‌ವರೆಗೆ

1/5
ಮನೇಲಿ ಅಜ್ಜಿ ತಾತನ ಔಷಧಿ ಡಬ್ಬಿ ತೆಗೆದು ನೋಡಿ. ಆಮ್ಲೋಡಿಪಿನ್ ಅಂತಲೋ ಟೆಲ್ಮಿಸಾರ್ಟಾನ್ ಅಂತಲೋ ಬರೆದ ಸ್ಟ್ರಿಪ್ ಕಾಣಬಹುದು. ಬಿಪಿ ಮಾತ್ರೆ. ಅದರಲ್ಲೇನು ವಿಶೇಷ ಅಂತೀರಾ? 80 ವರ್ಷದ ಹಿಂದೆ ಅಮೆರಿಕದ ಅಧ್ಯಕ್ಷರಿಗೂ ಅಂಥದ್ದು ಸಿಕ್ಕಿರಲಿಲ್ಲ.

2/5
ಮಾರ್ಚ್ 1944. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ಹೃದಯತಜ್ಞ ಹೊವಾರ್ಡ್ ಬ್ರೂಯೆನ್ ಪರೀಕ್ಷೆ ಮಾಡಿದರು. ಬಿಪಿ 186/108. ಕೊಡೋಕೆ ಇದ್ದದ್ದು ಉಪ್ಪು ಕಮ್ಮಿ ಊಟ, ವಿಶ್ರಾಂತಿ, ಸೋತ ಹೃದಯಕ್ಕೆ ಡಿಜಿಟಾಲಿಸ್. ಅಷ್ಟೇ. ವಯಸ್ಸಾದ ರಕ್ತನಾಳದಲ್ಲಿ ರಕ್ತ ಹರಿಯೋಕೆ ಒತ್ತಡ ಜಾಸ್ತಿ ಇರ್ಲೇಬೇಕು, ಇಳಿಸಬಾರದು ಅಂತ ನಂಬಿದ್ದ ಡಾಕ್ಟರುಗಳೂ ಆಗ ಇದ್ದರು!
1945 ಏಪ್ರಿಲ್ 12ರಂದು ರೂಸ್‌ವೆಲ್ಟ್ ತಲೆನೋವು ಅಂದವರು ಹಾಗೇ ಕುಸಿದರು. ಆಗಿನ ಬಿಪಿ 300/190. ಮೆದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡಾಗ ಅವರಿಗೆ 63 ವರ್ಷ.

3/5
ಬೇಜಾರಿನ ಸಂಗತಿ ಏನು ಗೊತ್ತಾ? ಒಂದು ದಾರಿ ಆಗಲೇ ಕಂಡಿತ್ತು, ಅದೂ ನಮ್ಮ ದೇಶದಲ್ಲಿ. ಸರ್ಪಗಂಧ ಕೇಳಿದ್ದೀರಲ್ಲ, ಪಶ್ಚಿಮ ಘಟ್ಟದ ಕಾಡಲ್ಲೂ ಬೆಳೆಯೋ ಗಿಡ? ಅದರ ಬೇರು ಬಿಪಿ ಇಳಿಸುತ್ತೆ ಅಂತ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಹೊರದೇಶದವರು ಅದನ್ನು ಅಷ್ಟಾಗಿ ಗಮನಿಸಲಿಲ್ಲ.
1949ರಲ್ಲಿ ಮುಂಬೈನ ಡಾ. ರುಸ್ತುಂ ಜಾಲ್ ವಕೀಲ್ 50 ರೋಗಿಗಳ ಮೇಲಿನ ಫಲಿತಾಂಶವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಆಗ ಎಲ್ಲರ ಕಣ್ಣು ಇತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡ್‌ನ ಸೀಬಾ ಕಂಪನಿಯವರು ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು.
ಆದರೆ ಗಿಡಮೂಲಿಕೆ ಅಂದ್ರೆ ಅಪಾಯ ಇಲ್ಲ ಅನ್ಕೋಬೇಡಿ. ರಿಸರ್ಪಿನ್ ತಗೊಂಡ ಕೆಲವರಲ್ಲಿ ಖಿನ್ನತೆ ಕಾಣಿಸಿಕೊಂಡಿತು. ಈಗ ಅದರ ಬಳಕೆ ತೀರಾ ಕಮ್ಮಿ. ಬೇರು ಅರೆದು ಕುಡಿಯೋ ಸಾಹಸ ಖಂಡಿತ ಬೇಡ.

4/5
ಬಿಪಿ ಇಳಿಸಿದ್ರೆ ಜೀವ ಉಳಿಯುತ್ತಾ? ಇದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು 1967ರಲ್ಲಿ. ಅಮೆರಿಕದ ಎಡ್ವರ್ಡ್ ಫ್ರೈಸ್ ತಂಡ, ಕೆಳಗಿನ ಬಿಪಿ 115ರಿಂದ 129 ಇದ್ದ 143 ಗಂಡಸರನ್ನು ಎರಡು ಗುಂಪು ಮಾಡಿತು. 73 ಜನಕ್ಕೆ ನಿಜವಾದ ಔಷಧಿ, 70 ಜನಕ್ಕೆ ನೋಡೋಕೆ ಹಾಗೇ ಇರೋ ಖಾಲಿ ಮಾತ್ರೆ. ಸರಾಸರಿ ಎರಡು ವರ್ಷವೂ ಆಗಿರಲಿಲ್ಲ. ಖಾಲಿ ಮಾತ್ರೆಯವರಲ್ಲಿ 27 ಗಂಭೀರ ತೊಂದರೆ, 4 ಸಾವು. ಔಷಧಿ ತಗೊಂಡವರಲ್ಲಿ 2 ತೊಂದರೆ, ಸಾವು ಸೊನ್ನೆ.
ಆ ಮೂರು ಔಷಧಿಗಳಲ್ಲಿ ಒಂದು ಯಾವುದು ಹೇಳಿ? ನಮ್ಮ ಸರ್ಪಗಂಧದ ರಿಸರ್ಪಿನ್!

5/5
ಆಮೇಲೆ ಇನ್ನೂ ಒಳ್ಳೆ ಮಾತ್ರೆಗಳು ಬಂದವು. ಒಂದೊಂದರ ಕೆಲಸ ಒಂದೊಂದು ಥರ. ಆಮ್ಲೋಡಿಪಿನ್ ರಕ್ತನಾಳದ ಸ್ನಾಯುವಿಗೆ ಕ್ಯಾಲ್ಸಿಯಂ ನುಗ್ಗದಂತೆ ತಡೆದು ಅದನ್ನು ಸಡಿಲಿಸುತ್ತೆ. ಟೆಲ್ಮಿಸಾರ್ಟಾನ್, ರಕ್ತನಾಳ ಬಿಗಿಯೋ ಆಂಜಿಯೋಟೆನ್ಸಿನ್‌ನ ಆಟ ನಿಲ್ಲಿಸುತ್ತೆ. ನೀರಿನ ಮಾತ್ರೆ ಅಂತಾರಲ್ಲ, ಅದು ಹೆಚ್ಚಿನ ಉಪ್ಪು ನೀರನ್ನು ಮೂತ್ರದಲ್ಲಿ ಕಳಿಸುತ್ತೆ. ಅದಕ್ಕೇ ಕೆಲವರಿಗೆ ಎರಡು ಮೂರು ಬಗೆ ಸೇರಿಸಿ ಕೊಡೋದು.
ಇವು ಯಾವುವೂ ಬಿಪಿಯನ್ನು ಬುಡಸಮೇತ ಕೀಳಲ್ಲ, ದಿನಾ ಹಿಡಿದಿಡುತ್ತವೆ ಅಷ್ಟೇ. "ಬಿಪಿ ನಾರ್ಮಲ್ ಬಂತು, ಇನ್ನು ಮಾತ್ರೆ ಯಾಕೆ?" ಅಂತ ಮನೇಲಿ ಯಾರಾದ್ರೂ ಅಂದ್ರೆ, ಮಾತ್ರೆ ಇದ್ದದ್ದಕ್ಕೇ ನಾರ್ಮಲ್ ಬಂದಿದೆ ಅಂತ ಹೇಳಿ. ತಲೆ ಸುತ್ತು, ಕಾಲು ಊತ, ಒಣ ಕೆಮ್ಮು ಅಂತ ಕಷ್ಟ ಆಗ್ತಿದ್ರೆ ತಾವಾಗೇ ಬಿಡೋದು ಬೇಡ, ಡಾಕ್ಟರಿಗೆ ಹೇಳಿದ್ರೆ ಬದಲಾಯಿಸಿ ಕೊಡ್ತಾರೆ.
ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಂದ್ಸಲ ಕೇಳಿ ನೋಡಿ: "ತಾತ, ಮಾತ್ರೆ ತಗೊಂಡ್ರಾ?"

#ಔಷಧಿಯಇತಿಹಾಸ #ಸರ್ಪಗಂಧ #ಬಿಪಿ #ಕನ್ನಡದಲ್ಲಿವಿಜ್ಞಾನ