ಬೆಸುಗೆ ಎಷ್ಟು ಅಗಲವಿರಬೇಕು?

ಪರ್ತ್ ನಗರದಿಂದ ಕಲ್ಗೂರ್ಲಿಗೆ ಕಾರಿನಲ್ಲಿ ಹೋದವರು ಹೆದ್ದಾರಿಯ ಪಕ್ಕದಲ್ಲಿ ಮೈಲಿಗಟ್ಟಲೆ ಜೊತೆಯಾಗಿ ಬರುವ ಉಕ್ಕಿನ ಕೊಳವೆಯನ್ನು ನೋಡಿಯೇ ಇರುತ್ತಾರೆ. "ಇದರೊಳಗೆ ಏನು ಹೋಗುತ್ತದೆ?" ಎಂದು ಹಿಂದಿನ ಸೀಟಿನಿಂದ ಮಕ್ಕಳು ಕೇಳುತ್ತಾರೆ. "ನೀರು" ಎಂದು ಹೇಳಿ ನಾವು ಮುಂದೆ ಸಾಗುತ್ತೇವೆ. ಆ ಕೊಳವೆಯ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ.

1892ರಲ್ಲಿ ಕೂಲ್ಗಾರ್ಡಿಯಲ್ಲಿ, ಮರುವರ್ಷ ಕಲ್ಗೂರ್ಲಿಯಲ್ಲಿ ಚಿನ್ನ ಸಿಕ್ಕಿತು. ಸಾವಿರಾರು ಜನ ಬಂದು ಮುತ್ತಿದರು. ಚಿನ್ನವೇನೋ ಇತ್ತು, ಕುಡಿಯಲು ನೀರಿರಲಿಲ್ಲ. ನೆಲದ ಉಪ್ಪುನೀರನ್ನು ಕುದಿಸಿ, ಆವಿಯನ್ನು ತಣಿಸಿ, ಗ್ಯಾಲನ್ ಲೆಕ್ಕದಲ್ಲಿ ಮಾರುತ್ತಿದ್ದರು. ಕೈ ತೊಳೆಯಲೂ ನೀರಿಲ್ಲದ ಆ ಗುಡಾರಗಳ ಊರುಗಳಲ್ಲಿ ಟೈಫಾಯಿಡ್ ಹಬ್ಬಿ ಬಹಳ ಮಂದಿ ಸತ್ತರು. ವೈದ್ಯನಾದ ನನಗೆ ಈ ಕಥೆ ಚಿನ್ನದಿಂದಲ್ಲ, ಆ ಜ್ವರದಿಂದಲೇ ಆರಂಭವಾಗುತ್ತದೆ. ನಮ್ಮ ಕೋಲಾರದ ಗಣಿಗೆ 1902ರಲ್ಲಿ ದೂರದ ಶಿವನಸಮುದ್ರದಿಂದ ವಿದ್ಯುತ್ತನ್ನು ತಂದಂತೆ, ಇಲ್ಲಿ ನೀರನ್ನೇ ದೂರದಿಂದ ತರಬೇಕಾಯಿತು.

ವಸಾಹತಿನ ಮುಖ್ಯ ಎಂಜಿನಿಯರ್ ಸಿ. ವೈ. ಓ'ಕಾನರ್ 1896ರಲ್ಲಿ ಮುಂದಿಟ್ಟ ಯೋಜನೆ ಹೀಗಿತ್ತು: ಪರ್ತ್ ಬಳಿಯ ಮಂಡೇರಿಂಗ್‌ನಲ್ಲಿ ಅಣೆಕಟ್ಟು, ಎಂಟು ಪಂಪ್ ಠಾಣೆಗಳು, ಸುಮಾರು 530 ಕಿಲೋಮೀಟರ್ ಕೊಳವೆ, ದಿನಕ್ಕೆ 50 ಲಕ್ಷ ಗ್ಯಾಲನ್ ನೀರು. ಕೊಳವೆಯ ವ್ಯಾಸ 30 ಅಂಗುಲ, ಒಂದೊಂದರ ಉದ್ದ 28 ಅಡಿ. ಒಟ್ಟು 60,000ಕ್ಕೂ ಹೆಚ್ಚು ಕೊಳವೆಗಳು. ಎಂದರೆ ಹೆಚ್ಚುಕಡಿಮೆ ಅಷ್ಟೇ ಜೋಡಣೆಗಳು. ಒಂದು ಹನಿ ಸೋರಿದರೂ 60,000 ಹನಿ!

ಆಗ ಉಕ್ಕಿನ ತಗಡನ್ನು ಬಾಗಿಸಿ ಕೊಳವೆ ಮಾಡಲು ಅಂಚುಗಳಿಗೆ ರಿವೆಟ್ ಹೊಡೆಯುವುದು ವಾಡಿಕೆ. ರಿವೆಟ್‌ಗೆ ತೂತು ಕೊರೆದಲ್ಲೆಲ್ಲ ತಗಡಿನ ಬಲ ಕುಗ್ಗುತ್ತದೆ, ನೀರೂ ಜಿನುಗುತ್ತದೆ. ಮೆಲ್ಬರ್ನಿನ ಮೆಫನ್ ಫರ್ಗುಸನ್ ಬೇರೆ ಉಪಾಯ ಹುಡುಕಿದ. ಎರಡು ಅರೆಗೊಳವೆಗಳ ಅಂಚನ್ನು ದಪ್ಪ ಮಾಡಿ, ಇಂಗ್ಲಿಷಿನ 'ಎಚ್' ಅಕ್ಷರದ ಆಕಾರದ ಉಕ್ಕಿನ ಪಟ್ಟಿಯ ಎರಡೂ ಬದಿಗೆ ಸೇರಿಸಿ, ಯಂತ್ರದಿಂದ ಒತ್ತಿ ಬಿಗಿದುಬಿಡುವುದು. ಇದೇ 'ಲಾಕಿಂಗ್ ಬಾರ್' ಕೊಳವೆ. ತೂತೂ ಇಲ್ಲ, ರಿವೆಟ್ಟೂ ಇಲ್ಲ.

ಉದ್ದದ ಜೋಡಣೆ ಹೀಗೆ ಬಗೆಹರಿಯಿತು. ಆದರೆ ಕೊಳವೆಗೆ ಕೊಳವೆ ಸೇರುವ ಜಾಗ? ಅಲ್ಲಿ ಉಕ್ಕಿನ ಬಳೆ ತೊಡಿಸಿ, ಸಂದಿಗೆ ಸೀಸ ತುಂಬಿ ಬಡಿಯುತ್ತಿದ್ದರು. ಈ ಸೀಸ ಬಡಿಯುವ ಕೆಲಸದ ಗುತ್ತಿಗೆಯೇ ದೊಡ್ಡ ವಿವಾದಕ್ಕೆ ಕಾರಣವಾಯಿತು. ಪತ್ರಿಕೆಗಳು ಓ'ಕಾನರ್ ಮೇಲೆ ಕೆಂಡ ಕಾರಿದವು, ವಿಚಾರಣಾ ಆಯೋಗ ಕೂತಿತು. ಮನನೊಂದ ಆತ 1902ರ ಮಾರ್ಚ್ 10ರಂದು ಪ್ರಾಣ ಕಳೆದುಕೊಂಡ. ಆತ ಲಂಚ ತಿಂದನೆಂಬುದಕ್ಕೆ ಆಧಾರವೇ ಸಿಗಲಿಲ್ಲ. 1903ರ ಜನವರಿ 24ರಂದು ಯೋಜನೆಯ ಉದ್ಘಾಟನೆಯಾಯಿತು. ನೀರು ಹರಿಯುವುದಿಲ್ಲ ಎಂದವರ ಬಾಯಿ ಮುಚ್ಚಿತು.

ಆದರೆ ಕಾಲ ಕಳೆದಂತೆ ಉಪ್ಪುಮಣ್ಣಿನಲ್ಲಿ ಹೂತಿದ್ದ ಕೊಳವೆ ತುಕ್ಕು ಹಿಡಿಯಿತು, ಸೀಸದ ಜೋಡಣೆಗಳು ಸೋರಿದವು. 1930ರ ದಶಕದಲ್ಲಿ ಕೊಳವೆಯನ್ನು ನೆಲದಿಂದ ಮೇಲೆತ್ತಿ, ಸೀಸದ ಬದಲು ಬೆಸುಗೆ ಹಾಕತೊಡಗಿದರು. ಈಗ ನಮಗೆ ರಸ್ತೆಯಿಂದ ಕೊಳವೆ ಕಾಣುವುದೂ ಅದರಿಂದಲೇ.

ಬೆಸುಗೆ ಬಂದ ಮೇಲೆ ಹೊಸ ಪ್ರಶ್ನೆ: ಇದು ಒಳ್ಳೆಯ ಬೆಸುಗೆ ಎಂದು ತಿಳಿಯುವುದು ಹೇಗೆ? ಎರಡು ಕೊಳವೆಗಳ ಬಾಯಿಯನ್ನು ಎದುರುಬದುರಾಗಿ ಇಟ್ಟು, ನಡುವಿನ ಕಾಲುವೆಯಲ್ಲಿ ಲೋಹ ತುಂಬುವುದಕ್ಕೆ ಬಟ್ ವೆಲ್ಡ್ ಎನ್ನುತ್ತಾರೆ. ಅಗಲವಾದಷ್ಟೂ ಗಟ್ಟಿ ಎಂದು ನಮಗೆಲ್ಲ ತೋರುತ್ತದೆ. ಅದು ತಪ್ಪು. ತೀರಾ ಕಿರಿದಾದರೆ ಕಾಲುವೆಯ ಅಂಚು ಕರಗಿ ಕೂಡಿರುವುದಿಲ್ಲ. ವಿಪರೀತ ಅಗಲವಾದರೆ ಅಗತ್ಯಕ್ಕಿಂತ ಹೆಚ್ಚು ಕಾವು ಬಿದ್ದಿರುತ್ತದೆ. ಅಕ್ಕಪಕ್ಕದ ಉಕ್ಕಿನ ಗುಣ ಕೆಡಬಹುದು, ಕೊಳವೆ ಸೊಟ್ಟಗಾಗಬಹುದು. 1953ರಲ್ಲಿ ಮೊದಲು ಪ್ರಕಟವಾದ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ 1104ನೇ ಸಂಹಿತೆ ಎಣ್ಣೆ, ಅನಿಲದ ಕೊಳವೆಗಳಿಗಾಗಿ ಬರೆದದ್ದು. ಅದು ಕೊಡುವ ಅಳತೆ ಸರಳ: ಬೆಸುಗೆಯ ಮುಖ ಮೂಲ ಕಾಲುವೆಗಿಂತ ಸುಮಾರು 3 ಮಿಲಿಮೀಟರ್ ಅಗಲವಿರಲಿ, ಕೊಳವೆಯ ಮೈಗಿಂತ ತಗ್ಗಿರಬಾರದು, 1.6 ಮಿಲಿಮೀಟರ್‌ಗಿಂತ ಹೆಚ್ಚು ಉಬ್ಬಲೂಬಾರದು. ಕಾಲುವೆ 7 ಮಿಲಿಮೀಟರ್ ಇದ್ದರೆ ಬೆಸುಗೆ ಸುಮಾರು 10.

ನಾವು ಗಾಯಕ್ಕೆ ಹೊಲಿಗೆ ಹಾಕುವಾಗಲೂ ಹೀಗೆಯೇ. ಅಂಚಿಗೆ ತೀರಾ ಹತ್ತಿರ ಚುಚ್ಚಿದರೆ ದಾರ ಚರ್ಮವನ್ನು ಹರಿಯುತ್ತದೆ; ತೀರಾ ದೂರ ಹೋದರೆ ಅಂಚುಗಳು ಸರಿಯಾಗಿ ಕೂಡುವುದಿಲ್ಲ. ಇನ್ನೂ ಒಂದು ಸಾಮ್ಯವಿದೆ. ಮೇಲೆ ಅಂದವಾಗಿದ್ದರೆ ಸಾಲದು, ಒಳಗೂ ಕೂಡಿರಬೇಕು. ಅದನ್ನು ನೋಡಲು ಬೆಸುಗೆಗಾರರು ನಮ್ಮ ಎಕ್ಸ್‌-ರೇಯನ್ನೇ ಎರವಲು ಪಡೆದರು. 1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಕಿರಣ ಮುರಿದ ಮೂಳೆಯನ್ನೂ ತೋರಿಸುತ್ತದೆ, ಬೆಸುಗೆಯೊಳಗಿನ ಬಿರುಕನ್ನೂ ತೋರಿಸುತ್ತದೆ.

ಕಲ್ಗೂರ್ಲಿಗೆ ಇಂದಿಗೂ ನೀರು ಕೊಳವೆಯಲ್ಲೇ ಬರುತ್ತಿದೆ. ಮುಂದಿನ ಸಲ ಆ ದಾರಿಯಲ್ಲಿ ಮಕ್ಕಳು ಕೇಳಿದರೆ ಕಾರನ್ನು ಒಂದು ನಿಮಿಷ ನಿಲ್ಲಿಸಿ. ಕೊಳವೆಯನ್ನಲ್ಲ, ಕೊಳವೆಗೆ ಕೊಳವೆ ಕೂಡಿದ ಜಾಗವನ್ನು ತೋರಿಸಿ. ಓ'ಕಾನರ್ ಹೆಸರನ್ನೂ ಹೇಳಿ.