ಏಳು ಸಸಿ ನೆಟ್ಟವರ ಸಿನಿಮಾ, ನೀಲಗಿರಿ ಕಿತ್ತವರ ಕತೆ

‘ಟೇಕಿಂಗ್ ರೂಟ್’ ಎಂಬ ಸಾಕ್ಷ್ಯಚಿತ್ರ 2008ರಲ್ಲಿ ಬಂತು. ಮಾಡಿದವರು ಅಮೆರಿಕದ ಲೀಸಾ ಮರ್ಟನ್ ಮತ್ತು ಅಲನ್ ಡೇಟರ್. ಹಲವು ಚಿತ್ರೋತ್ಸವಗಳಲ್ಲಿ ಪ್ರಶಸ್ತಿ ಪಡೆದಿದೆ. ಕೀನ್ಯಾ ದೇಶದ ವಂಗಾರಿ ಮಾಥಾಯ್ ಮತ್ತು ಅವರು ಕಟ್ಟಿದ ಗ್ರೀನ್ ಬೆಲ್ಟ್ ಚಳವಳಿಯ ಕತೆ ಅದು.

ಗಿಡ ನೆಡುವ ಸಿನಿಮಾ ಅಂದರೆ ನಮಗೆ ನೆನಪಾಗೋದು ಜೂನ್ 5ರ ಫೋಟೊ. ಒಂದು ಸಸಿ, ಅದಕ್ಕೆ ಹತ್ತು ಹನ್ನೆರಡು ಕೈ. (ನಮ್ಮಂಥ ವರದಿಗಾರರೇ ಪ್ರತಿ ವರ್ಷ ಅದನ್ನು ಕಳಿಸೋದು.) ಈ ಸಿನಿಮಾ ಹಾಗಿಲ್ಲ. ಇದರಲ್ಲಿ ಬ್ರಿಟಿಷರು ಕಿತ್ತುಕೊಂಡ ಜಮೀನಿದೆ, ಪೊಲೀಸರ ಲಾಠಿ ಇದೆ, ಉಪವಾಸ ಕೂತ ತಾಯಂದಿರಿದ್ದಾರೆ. ಗಿಡಕ್ಕಿಂತ ಗಿಡ ನಿಂತ ನೆಲದ ಜಗಳವೇ ಹೆಚ್ಚು. ಅದಕ್ಕೇ ನನಗಿದು ಹಿಡಿಸಿತು.

ಕೀನ್ಯಾದ ಎತ್ತರದ ಒಳ್ಳೆ ಭೂಮಿಯನ್ನು ಬ್ರಿಟಿಷರು ತೆಗೆದುಕೊಂಡು ಕಾಡು ಕಡಿದು ಚಹಾ, ಕಾಫಿ ಹಾಕಿದರು. 1963ರಲ್ಲಿ ಸ್ವಾತಂತ್ರ್ಯ ಬಂದರೂ ಕಡಿಯೋದು ನಿಲ್ಲಲಿಲ್ಲ. ಎಪ್ಪತ್ತರ ದಶಕದಲ್ಲಿ ಹಳ್ಳಿ ಹೆಣ್ಣುಮಕ್ಕಳು ಹೇಳುತ್ತಿದ್ದದ್ದು ಮೂರೇ ಮಾತು: ಕಟ್ಟಿಗೆ ದೂರವಾಯಿತು, ನೀರು ದೂರವಾಯಿತು, ದನಕ್ಕೆ ಮೇವಿಲ್ಲ. ವಂಗಾರಿ ಅವರಿಗೆ, ಹಾಗಾದರೆ ಗಿಡ ನೆಡೋಣ ಅಂದರು. 1977ರ ಜೂನ್ 5ರಂದು ನೈರೋಬಿಯಲ್ಲಿ ಏಳು ಸಸಿ ನೆಟ್ಟು ಶುರು ಮಾಡಿದರು.

ಗಿಡ ಬೆಳೆಸಲು ಓದಿದವರೇ ಬೇಕು ಅಂತ ಅರಣ್ಯಾಧಿಕಾರಿಗಳು ನಕ್ಕರಂತೆ. ಹೆಂಗಸರು ಒಡೆದ ಗಡಿಗೆಯಲ್ಲಿ ಬೀಜ ಹಾಕಿ ತಾವೇ ನರ್ಸರಿ ಮಾಡಿಕೊಂಡರು. ಸಂಸ್ಥೆ ಅವರಿಗೆ ಒಂದು ಸಸಿಗೆ ಇಷ್ಟು ಅಂತ ಚಿಲ್ಲರೆ ಕಾಸು ಕೊಡುತ್ತಿತ್ತು. ನೆಟ್ಟ ಸಸಿಗಲ್ಲ, ಬದುಕಿದ ಸಸಿಗೆ! ನಮ್ಮಲ್ಲೂ ಹೀಗೆ ಲೆಕ್ಕ ಹಾಕಿದ್ದರೆ ಎಷ್ಟು ಬಿಲ್ ಪಾಸಾಗುತ್ತಿದ್ದವೋ.

ಗಿಡ ನೆಡಲು ಕೂಡಿದ ಹೆಂಗಸರು ಮಾತಾಡತೊಡಗಿದರು. ಕಾಡು ಯಾರದು? ಮಾರಿದವರು ಯಾರು? ಅಲ್ಲಿಂದ ಸರ್ಕಾರಕ್ಕೆ ಸಿಟ್ಟು ಬಂತು. 1989ರಲ್ಲಿ ನೈರೋಬಿಯ ಉಹುರು ಪಾರ್ಕ್‌ನಲ್ಲಿ 60 ಅಂತಸ್ತಿನ ಕಟ್ಟಡ ಎಬ್ಬಿಸುವ ಯೋಜನೆ ಬಂದಾಗ ವಂಗಾರಿ ಪತ್ರದ ಮೇಲೆ ಪತ್ರ ಬರೆದು ಅಡ್ಡ ನಿಂತರು. ಯೋಜನೆ ಬಿದ್ದುಹೋಯಿತು. 1992ರಲ್ಲಿ ರಾಜಕೀಯ ಕೈದಿಗಳ ತಾಯಂದಿರ ಜೊತೆ ಅದೇ ಪಾರ್ಕಿನಲ್ಲಿ ಉಪವಾಸ ಕೂತು ಪೊಲೀಸರ ಏಟು ತಿಂದರು. 1999ರಲ್ಲಿ ಕರೂರಾ ಕಾಡು ಉಳಿಸಲು ಹೋದಾಗ ತಲೆ ಒಡೆಯಿತು. 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅಷ್ಟರಲ್ಲಿ ಚಳವಳಿ ನೆಟ್ಟ ಗಿಡಗಳು ಸುಮಾರು 3 ಕೋಟಿ. 2011ರಲ್ಲಿ ಅವರು ತೀರಿಕೊಂಡರು.

ಈ ಸಿನಿಮಾ ನೋಡುವಾಗ ನನಗೆ ಪದೇ ಪದೇ ನೆನಪಾದದ್ದು ಹಾನಗಲ್ ತಾಲ್ಲೂಕಿನ ಕುಸನೂರು. ನಮ್ಮದೇ ತುಂಗಭದ್ರೆಯ ಮೇಲ್ಭಾಗದ ಸೀಮೆ. ಆ ನದಿ ದಂಡೆಯಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇದೆ. ನೀಲಗಿರಿ ಮರದ ತಿರುಳಿನಿಂದ ರೇಯಾನ್ ಬಟ್ಟೆಗೆ ಕಚ್ಚಾ ಮಾಲು ಮಾಡುತ್ತದೆ. ಕಾರ್ಖಾನೆ ಬಿಡುವ ನೀರಿನಿಂದ ನದಿ ಕೆಟ್ಟಿತು ಅಂತ ಆ ಭಾಗದ ಹಳ್ಳಿಗಳು ಮೊದಲೇ ಹೋರಾಡುತ್ತಿದ್ದವು. ಅದೇ ನದಿಯ ನೀರು ಡ್ಯಾಮಿಗೆ ಬಂದು ಎಡದಂಡೆ ಕಾಲುವೆ ಹಿಡಿದು ಮಾನ್ವಿವರೆಗೆ ಬರುತ್ತದೆ.

ಕಾರ್ಖಾನೆಗೆ ಮರ ಬೇಕಿತ್ತು. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಕಂಪನಿ ಮಾಡಿದವು. ಸರ್ಕಾರದ ಪಾಲು ಶೇ 51, ಕಾರ್ಖಾನೆಯದು ಶೇ 49. ಈ ಕಂಪನಿಗೆ ನೀಲಗಿರಿ ಬೆಳೆಯಲು ನಾಲ್ಕು ಜಿಲ್ಲೆಗಳಲ್ಲಿ 30 ಸಾವಿರ ಹೆಕ್ಟೇರ್ ಭೂಮಿ ಗುರುತಿಸಲಾಯಿತು. ಕಾಗದದಲ್ಲಿ ಅದು ಪಾಳು ಭೂಮಿ. ಊರಿನವರಿಗೆ ಅದು ದನ ಬಿಡುವ, ಕಟ್ಟಿಗೆ ಆಯುವ ಜಾಗ. ನೀಲಗಿರಿ ಎಲೆ ದನ ಮೂಸಿಯೂ ನೋಡಲ್ಲ.

ಧಾರವಾಡದಲ್ಲಿ ಎಸ್.ಆರ್. ಹಿರೇಮಠರು ಕಟ್ಟಿದ ಸಮಾಜ ಪರಿವರ್ತನಾ ಸಮುದಾಯ ಹಳ್ಳಿಗಳನ್ನು ಸೇರಿಸಿತು. ಶಿವರಾಮ ಕಾರಂತರು ಮುಂದೆ ನಿಂತು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಊರ ಸಾಮಾನ್ಯ ಭೂಮಿ ಹೋದರೆ ಬದುಕುವ ಹಕ್ಕೇ ಹೋದಂತೆ ಎಂಬುದು ವಾದ. 1987ರ ಮಾರ್ಚ್‌ನಲ್ಲಿ ಕೋರ್ಟು ಇನ್ನಷ್ಟು ಭೂಮಿ ಕಂಪನಿಗೆ ಕೊಡದಂತೆ ತಡೆ ನೀಡಿತು.

ಆದರೆ ಕುಸನೂರಿನಲ್ಲಿ ಕಂಪನಿಯ ಸಸಿಗಳು ಆಗಲೇ ನಿಂತಿದ್ದವು. 1987ರ ನವೆಂಬರ್ 14ರಂದು ಸುಮಾರು ಎರಡು ಸಾವಿರ ಜನ ಡೊಳ್ಳು ಬಡಿಯುತ್ತ ಅಲ್ಲಿಗೆ ಹೋದರು. ನೂರರಷ್ಟು ನೀಲಗಿರಿ ಕಿತ್ತರು. ಆ ಜಾಗದಲ್ಲೇ ಹಣ್ಣು, ಮೇವು ಕೊಡುವ ಸಸಿ ನೆಟ್ಟರು. ಹೆಸರೂ ಹಾಗೆಯೇ: ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ. ಕಿತ್ತಿದ್ದು ಬರೀ ನೂರು, ಕಂಪನಿಗದು ಲೆಕ್ಕಕ್ಕಿಲ್ಲದ ನಷ್ಟ. ಆದರೂ ಹೋರಾಟ ಮುಂದುವರಿದು 1991ರಲ್ಲಿ ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು.

ವಂಗಾರಿಯ ಏಳು ಸಸಿ ಜಗತ್ತಿಗೆ ಗೊತ್ತು. ಕುಸನೂರಿನ ನೂರು ನೀಲಗಿರಿ ರಾಯಚೂರು ಜಿಲ್ಲೆಯಲ್ಲಿ ಎಷ್ಟು ಜನರಿಗೆ ಗೊತ್ತು? ಅಪ್ಪಿಕೋ, ಸಾಲುಮರದ ತಿಮ್ಮಕ್ಕ ಪಾಠಪುಸ್ತಕದವರೆಗೆ ಬಂದರು. ಕೀಳುವ ಚಳವಳಿ ಬರಲಿಲ್ಲ. ಸಸಿ ಹಿಡಿದವರ ಫೋಟೊ ಎಲ್ಲರಿಗೂ ಚೆಂದ, ಸರ್ಕಾರದ ಸಸಿ ಕಿತ್ತವರದು ಯಾರಿಗೆ ಬೇಕು?

ಕುರ್ಡಿ, ಮಾನ್ವಿ, ದೇವದುರ್ಗದ ಕಡೆ ನಾವು ಗಾಯರಾಣ ಅನ್ನುವುದು ಇದೇ ಊರ ಸಾಮಾನ್ಯ ಭೂಮಿಗೆ. ಕುರಿಯವರಿಗೆ ಇವತ್ತಿಗೂ ಅದೇ ಆಧಾರ. ಅಲ್ಲಿ ಈಗ ಬಳ್ಳಾರಿ ಜಾಲಿ ಇರಬಹುದು, ಬೇವಿರಬಹುದು, ಬರೀ ಕಲ್ಲೂ ಇರಬಹುದು. ನಿಮ್ಮೂರ ಗಾಯರಾಣದ ಸರ್ವೆ ನಂಬರ್ ಗೊತ್ತಿದ್ದರೆ ಪಹಣಿ ತೆಗೆಸಿ ನೋಡಿ, ಎಷ್ಟು ಎಕರೆ ಇದೆ, ಯಾರ ಹೆಸರಿದೆ ಅಂತ. ಮುಂದಿನ ಜೂನ್ 5ಕ್ಕೆ ಸಸಿ ತಂದವರನ್ನು ಕರೆದುಕೊಂಡು ಹೋಗಲು ಜಾಗವಾದರೂ ಇದೆಯೋ ಇಲ್ಲವೋ ತಿಳಿಯುತ್ತದೆ.